ಕ್ರೀಮಿನ ಡಬ್ಬದ ಹಿಂಬದಿ

ಡಬ್ಬದ ಹಿಂದೆ ಬರೆದದ್ದನ್ನು ನಾನು ಓದಿದ್ದೆ. ಓದಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ಇದನ್ನು ಮೊದಲೇ ಬರೆದುಬಿಟ್ಟರೆ ಉಳಿದದ್ದಕ್ಕೆ ಕೈ ಓಡಬಹುದು ಎಂದುಕೊಂಡಿದ್ದೇನೆ.

ನಮ್ಮದು ಮಂಡ್ಯದ ಕಡೆ. ಎಸ್ಸೆಸ್ಸೆಲ್ಸಿ ಮುಗಿಸಿ, ಹಡಗು ಸರಕಿನ ಏಜೆಂಟರೊಬ್ಬರ ಕಚೇರಿಯಲ್ಲಿ ಕೆಲಸ ಸಿಕ್ಕಿ ಕೊಚ್ಚಿಗೆ ಬಂದವನು ನಾನು. ಕೊನೆಯ ವರ್ಷಗಳನ್ನು ವಲ್ಲಾರ್ಪಾಡಂನ ಕಂಟೇನರ್ ಅಂಗಳದಲ್ಲಿ ಕಳೆದೆ. ಪೆಟ್ಟಿಗೆಯಿಂದ ಇಳಿಯುವ ಚೀಲಗಳ ಮೇಲಿನ ಅಚ್ಚು ಓದಿ, ಸರಿಯಾದ ಮಾಲು ಬಂದಿದೆಯೇ ಎಂದು ನೋಡುವುದು ನನ್ನ ಕೆಲಸ. ನಿವೃತ್ತಿಯಾದ ಮೇಲೆ ಊರಿಗೆ ಹೋಗುವ ಮಾತನ್ನು ಆಡುತ್ತಾ ಆಡುತ್ತಾ ಕೊಚ್ಚಿಯ ಎಡಪ್ಪಳ್ಳಿಯಲ್ಲೇ ಉಳಿದೆವು, ನಾನು ಮತ್ತು ನನ್ನ ಹೆಂಡತಿ. ಒಬ್ಬಳೇ ಮಗಳು ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದಾಳೆ. ಅಳಿಯ ಧಾರವಾಡದ ಕಡೆಯವನು, ಅವನಿಗೂ ತಿರುವನಂತಪುರದಲ್ಲೇ ರಾಕೆಟ್ಟಿಗೆ ಸಂಬಂಧಪಟ್ಟ ಕೆಲಸ. ಅವರ ಮಗಳು, ನನ್ನ ಮೊಮ್ಮಗಳು, ಈಗ ಎರಡನೇ ಕ್ಲಾಸು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ. 'ತಾತ' ಎನ್ನುವ ಮಾತೊಂದು ಮಾತ್ರ ನಮ್ಮದು.

ಮೀನು, ಮೊಟ್ಟೆ ಮುಟ್ಟದ ನಮ್ಮಂಥವರಿಗೆ ಕೊಚ್ಚಿಯಲ್ಲಿ ಅಂಗಡಿಯ ಪೊಟ್ಟಣ ಎಂದರೆ ಅನುಮಾನ. ಪೊಟ್ಟಣದ ಮೇಲೆ ಹಸಿರು ಚುಕ್ಕಿ ಬರತೊಡಗಿದ ದಿನದಿಂದ ನನ್ನ ಹೆಂಡತಿ ಒಂದು ಕಾನೂನು ಮಾಡಿದಳು: ಚುಕ್ಕಿ ಇಲ್ಲದ್ದು ಹೊಸಿಲು ದಾಟುವಂತಿಲ್ಲ. ಆ ಚುಕ್ಕಿ ನೋಡುವ ಅಧಿಕಾರ ನನ್ನದು. ಚೀಲದ ಅಚ್ಚು ಓದಿದ ಕಣ್ಣಲ್ಲವೇ? ಬೇರೆ ಕನ್ನಡದ ಮನೆಗಳವರೂ ಬಿಸ್ಕತ್ತು, ನೂಡಲ್ಸು ಹಿಡಿದುಕೊಂಡು, "ಇದು ನಡೆಯತ್ತಾ ನೋಡಿ" ಎಂದು ನನ್ನ ಕೈಗೆ ಕೊಡುತ್ತಿದ್ದರು. ನನಗೆ ಅದರಲ್ಲಿ ಜಂಬವೂ ಇತ್ತು. ಹಸಿರು ಚುಕ್ಕಿ ಕಂಡರೆ ಮುಗಿಯಿತು, ಅದಕ್ಕಿಂತ ಒಳ್ಳೆಯ ಪದಾರ್ಥ ಲೋಕದಲ್ಲಿಲ್ಲ ಎನ್ನುವಂತೆ ತಲೆಯಾಡಿಸುತ್ತಿದ್ದೆ.

ಮೊಮ್ಮಗಳಿಗೆ ಹಾಲು ಆಗುವುದಿಲ್ಲ ಎಂದು ಗೊತ್ತಾದದ್ದು ಅವಳಿಗೆ ಮೊದಲ ಅನ್ನ ಉಣ್ಣಿಸಿದ ದಿನ. ಪಾಯಸ ತುಟಿಗೆ ತಾಗಿಸಿದ್ದೇ ತಡ, ಮುಖವೆಲ್ಲ ದದ್ದೆದ್ದು ಮಗು ಉಸಿರಿಗೆ ಒದ್ದಾಡಿತು. ಆಮೇಲೆ ಪರೀಕ್ಷೆ ಮಾಡಿಸಿ, ಹಾಲು ಮೊಸರು ಬೆಣ್ಣೆ ತುಪ್ಪ ಯಾವುದೂ ಸಲ್ಲದು ಎಂದರು. ನನ್ನ ಹೆಂಡತಿ ಅಕ್ಕಿರೊಟ್ಟಿಗೆ ತೆಂಗಿನೆಣ್ಣೆ ಹಾಕುವುದನ್ನೂ, ತೆಂಗಿನ ಹಾಲಿನ ಪಾಯಸವನ್ನೂ ಪಕ್ಕದ ಮನೆಯ ಚೇಚಿಯಿಂದ ಕಲಿತಳು. ಆದರೆ ಗೊಣಗುವುದನ್ನು ಬಿಡಲಿಲ್ಲ.

"ಅಲ್ಲಾ ರೀ, ಹಾಲು ವಿಷ ಅಂತಾರಲ್ಲ, ಹಂಗಾದ್ರೆ ನಾವೆಲ್ಲ ಬದುಕಿರೋದು ಹೆಂಗೆ?"

"ನನ್ನನ್ನ ಕೇಳ್ತೀಯಲ್ಲ, ಡಾಕ್ಟ್ರನ್ನ ಕೇಳು."

"ಕೇಳಿದ್ರೆ ಇಂಗ್ಲೀಷಲ್ಲಿ ಹೇಳ್ತಾರೆ. ನಿಮಗಾದ್ರೂ ತಿಳೀತಾ?"

ತಿಳಿದಿರಲಿಲ್ಲ. ಮಗಳು ಹೇಳಿದ್ದನ್ನೆಲ್ಲ ತಲೆಯಾಡಿಸಿ ಕೇಳಿಕೊಳ್ಳುತ್ತಿದ್ದೆ. ಒಳಗೆ ಮಾತ್ರ, ಹಾಲು ಕುಡಿಯದೆ ಬೆಳೆಯುವ ಮಗು ಯಾವ ಮಗು ಎನ್ನಿಸುತ್ತಿತ್ತು. ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಸಿದರೆ ಸರಿಹೋಗಬಹುದೇನೋ ಎಂದೂ ಒಂದೆರಡು ಸಲ ಅನ್ನಿಸಿದ್ದುಂಟು. ಈ ಯೋಚನೆ ಮುಂದಿನದಕ್ಕೆ ಎಷ್ಟು ಕಾರಣ ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.

ಹೋದ ಬೇಸಿಗೆ ರಜೆಗೆ ಮಗು ನಮ್ಮಲ್ಲಿಗೆ ಬಂದಿತ್ತು. ಅವಳ ಹುಟ್ಟುಹಬ್ಬವೂ ಆಗಲೇ. ಮಗಳು ಅಳಿಯ ಆ ದಿನ ಸಂಜೆಗೆ ತಿರುವನಂತಪುರದಿಂದ ಬರುವವರಿದ್ದರು. ಬೇರೆ ಮಕ್ಕಳ ಹುಟ್ಟುಹಬ್ಬಕ್ಕೆ ಹೋದಾಗ ಇವಳು ತನ್ನ ಡಬ್ಬಿಯಲ್ಲಿ ಚಕ್ಕುಲಿ ಇಟ್ಟುಕೊಂಡು, ಉಳಿದವರು ಕ್ರೀಮು ನೆಕ್ಕುವುದನ್ನು ನೋಡುತ್ತಾ ಕೂರುತ್ತಾಳೆ. ಅತ್ತರೆ ಸಮಾಧಾನ ಮಾಡಬಹುದಿತ್ತು. ಅಳುವುದೂ ಇಲ್ಲ. ನೋಡುತ್ತಾ ಇರುತ್ತಾಳೆ, ಅಷ್ಟೆ. ಈ ಸಲ ಅವಳಿಗೆ ಬಿಳೀ ಕ್ರೀಮಿನ ಕೇಕು ನಾನು ತಂದುಕೊಡಬೇಕು ಎಂದು ನನಗೆ ಹಟ ಹತ್ತಿತು.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಬೇಕರಿ ಇದೆ. ನಡೆಸುವವರು ನನಗಿಂತ ಸ್ವಲ್ಪ ಚಿಕ್ಕವರು, ಗಿರಾಕಿಯನ್ನು ಗೇಲಿ ಮಾಡದೆ ಸಾಮಾನು ಕಟ್ಟಿಕೊಡುವವರಲ್ಲ. ನಾನು ಹೋಗಿ, ಕೇಕಿಗೆ ಮೊಟ್ಟೆಯೂ ಬೇಡ, ಹಾಲೂ ಬೇಡ ಎಂದೆ.

"ಮುಟ್ಟ ವೇಂಡ, ಪಾಲುಂ ವೇಂಡ!" ಎಂದು ಅವರು ಒಳಗಿನವರಿಗೂ ಕೇಳುವಂತೆ ಕೂಗಿದರು. "ಪಿನ್ನೆ ಕೇಕಿಲ್ ಎಂದಾ ಸಾರೇ, ಕಾಟ್ಟೋ?"

ಮತ್ತೇನು ತುಂಬಿಸಲಿ, ಗಾಳಿಯನ್ನೇ ಎಂದು ಕೇಳಿದ್ದು. ನಾನೂ ನಕ್ಕೆ. ಕೊನೆಗೆ ಎಣ್ಣೆ, ಸೋಡಾ ಹಾಕಿ ಕೇಕು ಮಾಡಿಕೊಡಲು ಒಪ್ಪಿದರು. ಕ್ರೀಮು ಹೇಗೆ ಎಂದೆ. ಫ್ರಿಜ್ಜಿನಿಂದ ಒಂದು ದೊಡ್ಡ ಕಾಗದದ ಡಬ್ಬ ತೆಗೆದು ಮುಂದಿಟ್ಟರು. ಸುರಿಯುವುದಕ್ಕಾಗಿ ಒಂದು ಮೂಲೆ ಕತ್ತರಿಸಿತ್ತು. 'ನಾನ್ ಡೈರಿ' ಎಂದು ದಪ್ಪ ಅಕ್ಷರ, ಪಕ್ಕದಲ್ಲಿ ಹಸಿರು ಚುಕ್ಕಿ.

"ಒರು ತುಳ್ಳಿ ಪಾಲಿಲ್ಲ," ಎಂದರು. ಒಂದು ಹನಿ ಹಾಲಿಲ್ಲ. "ಸಾರ್ ತನ್ನೆ ವಾಯಿಚ್ಚೋ." ನೀವೇ ಓದಿಕೊಳ್ಳಿ. ಕನ್ನಡಕ ಜೇಬಿನಿಂದ ತೆಗೆದು ಹಾಕಿಕೊಳ್ಳುವವರೆಗೂ ಡಬ್ಬವನ್ನು ಹಿಡಿದುಕೊಂಡೇ ನಿಂತಿದ್ದರು.

ಓದಿದೆ. ನೀರು, ಸಕ್ಕರೆ, ತಾಳೆ ಎಣ್ಣೆ. ಆಮೇಲೆ 'ಸೋಡಿಯಂ ಕೇಸಿನೇಟ್'. ಅದರ ಮುಂದಿನ ಸಾಲು ಕತ್ತರಿಸಿದ ಮೂಲೆಯ ಜೊತೆ ಹೋಗಿತ್ತು.

ಆ ಹೆಸರು ಕಂಡು ನನ್ನ ಬೆರಳು ನಿಂತಿತು. ಕೇಸಿನ್ ಎನ್ನುವುದನ್ನು ನಾನು ವಲ್ಲಾರ್ಪಾಡಂನಲ್ಲಿ ಚೀಲಗಳ ಮೇಲೆ ಓದುತ್ತಿದ್ದೆ. ತೆಳು ಹಳದಿ ಪುಡಿ. ಒಂದು ಚೀಲ ಒಡೆದು ನೆಲವೆಲ್ಲ ಆದಾಗ, ಇದೇನು ಎಂದು ಫೋರ್ಕ್‌ಲಿಫ್ಟ್ ಓಡಿಸುವವನನ್ನು ಕೇಳಿದ್ದೆ. "ಪಶಯಾಣ್ ಚೇಟ್ಟಾ," ಎಂದಿದ್ದ. ಪಶ ಎಂದರೆ ಅಂಟು. ಮರ ಅಂಟಿಸುವುದಕ್ಕೆ, ಪ್ಲೈವುಡ್ಡಿಗೆ ಹೋಗುತ್ತದಂತೆ. ನನ್ನ ತಲೆಯಲ್ಲಿ ಕೇಸಿನ್ ಎಂದರೆ ಪ್ಲೈವುಡ್ಡಿನ ಅಂಟು, ಅಷ್ಟೆ. ಅದಕ್ಕೂ ಹಾಲಿಗೂ ಎಲ್ಲಿಯ ನೆಂಟಸ್ತಿಕೆ?

ಆದರೂ, ಅಂಟು ಕ್ರೀಮಿನೊಳಗೆ ಯಾಕೆ ಬಂತು ಎಂದು ಕೇಳಬೇಕಿತ್ತಲ್ಲ. ಕೇಳಬೇಕು ಎನ್ನಿಸಿತು. ಮಗಳಿಗೆ ಫೋನು ಮಾಡಲೆಂದು ಜೇಬಿನಿಂದ ತೆಗೆದೆ ಕೂಡ. ಗೊತ್ತಿಲ್ಲದ ಹೆಸರೊಂದು ಕಂಡರೂ ಕೊಡಬೇಡ ಎನ್ನುವುದು ಅವಳ ಕಟ್ಟಪ್ಪಣೆ. ಫೋನು ಮಾಡಿದರೆ ಕೇಕು ಇಲ್ಲ. ಇದು ನನಗೆ ಗೊತ್ತಿರುವ ಹೆಸರಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಫೋನನ್ನು ಜೇಬಿಗೆ ಹಾಕಿದೆ.

"ಶರಿಯಲ್ಲೇ ಸಾರೇ?" ಎಂದರು ಬೇಕರಿಯವರು.

"ಶರಿ," ಎಂದೆ.

ಮಗಳು ಅಳಿಯ ಬರುವವರೆಗೂ ಕಾಯಲಿಲ್ಲ ನಾನು. ಇದನ್ನೂ ಹೇಳಬೇಕು. ಅವರು ಬಂದರೆ ಡಬ್ಬ ಎಲ್ಲಿ, ಏನು ಬರೆದಿತ್ತು ಎಂದು ಶುರುಮಾಡುತ್ತಾರೆ. ಮಧ್ಯಾಹ್ನವೇ ಮಗುವಿಗೆ ಒಂದು ತುಂಡು ಕೊಟ್ಟೆ. ಅವಳು ಕ್ರೀಮನ್ನು ಬೆರಳಲ್ಲಿ ತೆಗೆದು, ನನ್ನ ಮುಖ ನೋಡಿ, "ಸತ್ಯಂ?" ಎಂದಳು. ನಿಜವಾಗಿಯೂ ತಿನ್ನಬಹುದೇ ಎಂದು.

"ತಾತ ಓದಿದ್ದೀನಲ್ಲ, ತಿನ್ನು," ಎಂದೆ.

ಸ್ವಲ್ಪ ಹೊತ್ತಿಗೆ ತುಟಿ ಊದಿತು. ಕುತ್ತಿಗೆಯ ಮೇಲೆ ದದ್ದು. ಕೆಮ್ಮು ಹತ್ತಿ, ಕೆಮ್ಮಿನ ನಡುವೆ ಸಿಳ್ಳೆಯಂಥ ಸದ್ದು. ಮಗಳು ಬರೆದಿಟ್ಟಿದ್ದ ಔಷಧಿಯನ್ನು ನನ್ನ ಹೆಂಡತಿ ಕುಡಿಸಿ, ಮಗುವನ್ನು ಎತ್ತಿಕೊಂಡು ಮೆಟ್ಟಿಲು ಇಳಿದೇಬಿಟ್ಟಳು. ಮಂಡಿ ನೋವಿನವಳು. ಆಟೋದವನು ಕೆಂಪು ದೀಪಗಳನ್ನು ಲೆಕ್ಕಿಸದೆ ಓಡಿಸಿದ. ಆಸ್ಪತ್ರೆಯಲ್ಲಿ ತೊಡೆಗೆ ಇಂಜೆಕ್ಷನ್ ಕೊಟ್ಟರು, ಮೂಗಿಗೆ ಗಾಳಿ ಕೊಟ್ಟರು. ಸಂಜೆ ಮಗಳು ಬಂದು ಮುಟ್ಟುವ ಹೊತ್ತಿಗೆ ಮಗು ಕಣ್ಣು ಬಿಟ್ಟು ಪರದೆಯ ಮೇಲಿನ ಆನೆ ಚಿತ್ರ ನೋಡುತ್ತಿತ್ತು. ಉಳಿಯಿತು.

ವಾರ್ಡಿನ ಹೊರಗೆ ಅಳಿಯ ನನ್ನನ್ನು ಕೇಳಿದ. "ಮಾವಾರ, ಆ ಬೇಕರಿಯಾಂವ ನಿಮಗ ಕ್ರೀಮಿನ ಡಬ್ಬಿ ತೋರ್ಸಿದ್ನೋ ಇಲ್ಲೋ? ಹೌದು ಅನ್ರಿ, ಇಲ್ಲಾ ಅನ್ರಿ."

ಮಗಳು ನನ್ನನ್ನೇ ನೋಡುತ್ತಿದ್ದಳು.

"ಇಲ್ಲ," ಎಂದೆ. "ಹಾಲಿಲ್ಲ ಅಂತ ಬಾಯಲ್ಲಿ ಹೇಳಿದ್ರು. ನಾನು ನಂಬಿದೆ."

ಆ 'ಇಲ್ಲ' ಎಲ್ಲಿಂದ ಬಂತು? ಮೊದಲೇ ಯೋಚಿಸಿ ಇಟ್ಟುಕೊಂಡದ್ದಲ್ಲ. ಬಾಯಿಂದ ಹೊರಬಿದ್ದ ಮೇಲೆ ನನಗೇ ಕೇಳಿಸಿತು. ಮಗಳು ನನ್ನ ಭುಜದ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡಪ್ಪ, ನೀನೇನು ಮಾಡ್ತೀಯ," ಎಂದಳು. ಅಳಿಯ ನೇರ ಬೇಕರಿಗೆ ಹೋಗಿ, ಗಿರಾಕಿಗಳ ಮುಂದೆಯೇ, ನಮ್ಮ ಮಗೂನ ಕೊಲ್ಲತಿದ್ರಿ ಎಂದು ಇಂಗ್ಲಿಷಿನಲ್ಲೂ ಅರ್ಧ ಮಲಯಾಳದಲ್ಲೂ ಕೂಗಾಡಿ ಬಂದನಂತೆ. ಬೇಕರಿಯವರು ತಿರುಗಿ ಏನಾದರೂ ಹೇಳಿದರೇ ಎಂದು ಕೇಳಿದೆ. "ಏನೂ ಇಲ್ರಿ. ತಲಿ ತಗ್ಗಿಸಿ ನಿಂತಿದ್ದ. ತಪ್ಪು ಮಾಡಿದಾಂವ ಏನ್ ಮಾತಾಡ್ತಾನ್ರಿ?" ಎಂದ.

ಮರುದಿನ ಡಾಕ್ಟರು, ಕನ್ನಡ ಬಲ್ಲ ಚಿಕ್ಕ ವಯಸ್ಸಿನ ಹೆಂಗಸು, ನನಗೆ ಬಿಡಿಸಿ ಹೇಳಿದರು. ಹಾಲಿಗೆ ಹುಳಿ ಹಿಂಡಿದರೆ ಗಟ್ಟಿಯಾಗಿ ಒಡೆಯುತ್ತದಲ್ಲ, ಆ ಗಟ್ಟಿಯ ಬಹುಪಾಲು ಕೇಸಿನ್. ಹಾಲಿನ ಮುಖ್ಯ ಪ್ರೋಟೀನೇ ಅದು. ಅದನ್ನು ಬೇರ್ಪಡಿಸಿ ಪುಡಿ ಮಾಡಿ ಕ್ರೀಮಿಗೆ, ಕಾಫಿಗೆ ಬೆರೆಸುವ ಬಿಳಿ ಪುಡಿಗೆ, ಇನ್ನೂ ಎಷ್ಟೋ ತಿನಿಸುಗಳಿಗೆ ಹಾಕುತ್ತಾರೆ. ಡಬ್ಬದ ಮೇಲೆ 'ನಾನ್ ಡೈರಿ' ಎಂದಿದ್ದರೂ ಅದು ಒಳಗಿರಬಹುದು. ಈ ಮಗುವಿಗೆ ಆಗದಿರುವುದು ಅದೇ.

"ಪ್ಲೈವುಡ್ಡಿಗೂ ಹಾಕ್ತಾರಂತಲ್ಲ ಡಾಕ್ಟ್ರೇ?" ಎಂದೆ.

ಅವರು ನನ್ನನ್ನು ವಿಚಿತ್ರವಾಗಿ ನೋಡಿ, "ಅಂಟಿಗೂ ಬಳಸ್ತಾರೆ, ಹೌದು. ನಿಮಗೆ ಹೇಗೆ ಗೊತ್ತು ಅಂಕಲ್?" ಎಂದರು. ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ, ಹೆಸರು ಗೊತ್ತಿತ್ತು ಎಂದಾಗುತ್ತಿತ್ತು. ಮಗಳು ಪಕ್ಕದಲ್ಲೇ ಇದ್ದಳು.

ಅಂದಿನಿಂದ ನನ್ನ ತಲೆ ಕಲಸಿಹೋಯಿತು. ಅಂಗಡಿಗೆ ಹೋದರೆ ಪೊಟ್ಟಣ ತಿರುಗಿಸುವುದೇ ಕೆಲಸ. ಹಸಿರು ಚುಕ್ಕಿ ಇರುವ ತರಕಾರಿ ಕಟ್ಲೆಟ್ಟಿನಲ್ಲಿ ಹಾಲಿನ ಪುಡಿ ಇದೆ. ಕಂದು ಗುರುತಿನ ಮೀನಿನ ಕಟ್ಲೆಟ್ಟಿನಲ್ಲಿ ಇಲ್ಲ. ಅಂದರೆ ನಮ್ಮ ಮನೆಯ ಹೊಸಿಲು ದಾಟಬಾರದ್ದು ಮಗುವಿಗೆ ಸುರಕ್ಷಿತ, ಇಷ್ಟು ವರ್ಷ ತಲೆಯಾಡಿಸಿ ಒಳಗೆ ಬಿಟ್ಟದ್ದು ಅಪಾಯ. ಆಲೂ ಚಿಪ್ಸಿನಲ್ಲಿ ಹಾಲು, ಮಸಾಲೆ ನೂಡಲ್ಸಿನಲ್ಲಿ ಹಾಲು, ಒಂದು ಕಡೆ ಬ್ರೆಡ್ಡಿನಲ್ಲೂ ಹಾಲು. ಹಸುವಿನ ಕೆಚ್ಚಲಿನಿಂದ ಬಂದದ್ದು ಹಲಗೆ ಅಂಟಿಸುತ್ತದೆ, ಕೇಕಿನ ಮೇಲೆ ಹೂವಾಗುತ್ತದೆ, ಮಗುವಿನ ಗಂಟಲು ಕಟ್ಟುತ್ತದೆ. ಎಲ್ಲವೂ ಒಂದೇ ಪದಾರ್ಥ ಎಂದರೆ ಹೇಗೆ ನಂಬುವುದು? ನಂಬದೆ ಇದ್ದದ್ದಕ್ಕೆ ಏನಾಯಿತೆಂದು ನೋಡಿದವನೂ ನಾನೇ. ಬೆಳಿಗ್ಗೆ ಕಾಫಿಗೆ ಹಾಲು ಸುರಿಯುವಾಗ ಕೈ ತಡೆಯುತ್ತಿತ್ತು. "ಏನ್ರೀ ಹಂಗೆ ದಿಟ್ಟಿಸ್ತೀರಾ, ಹಾವು ಬಿದ್ದಿದ್ಯಾ ಅದರಲ್ಲಿ?" ಎನ್ನುತ್ತಿದ್ದಳು ನನ್ನವಳು. ಕೊನೆಗೆ ಹಾಲು ಹಾಕಿಕೊಳ್ಳುವುದನ್ನೇ ಬಿಟ್ಟೆ.

ಬೇಕರಿಯ ಮುಂದೆ ಹೋಗುವುದನ್ನು ಬಿಟ್ಟೆ. ಬಸ್‌ಸ್ಟಾಪಿಗೆ ಹಿಂದಿನ ಓಣಿಯಿಂದ ಸುತ್ತಿಕೊಂಡು ಹೋಗುತ್ತಿದ್ದೆ.

ಮಗಳು ಬಯ್ದಿದ್ದರೆ ಹೀಗೇ ಕಾಲ ಕಳೆದುಬಿಡುತ್ತಿದ್ದೆನೋ ಏನೋ. ಅವಳು ಬಯ್ಯಲಿಲ್ಲ. ಓಣಂ ರಜೆ ಹತ್ತಿರ ಬಂದಾಗ ಫೋನಿನಲ್ಲಿ, "ಅಪ್ಪ, ಬಂದು ಕರ್ಕೊಂಡು ಹೋಗು. ಬೇರೆಯವರ ಹತ್ರ ಬಿಡೋಕೆ ಭಯ. ನೀನಾದ್ರೆ ಓದದೆ ಏನೂ ಕೊಡಲ್ಲ," ಎಂದಳು. ಆ ಮಾತು ನನ್ನನ್ನು ಕೂರಲು ಬಿಡಲಿಲ್ಲ. ಓದಿಯೇ ಕೊಟ್ಟಿದ್ದೆನಲ್ಲ. ನಿಜ ಹೇಳಿದರೆ ಮಗು ಇನ್ನು ನಮ್ಮ ಮನೆಗೆ ಬರುವುದಿಲ್ಲ. ಹೇಳದಿದ್ದರೆ ಸುಳ್ಳನ್ನು ನಂಬಿ ಬರುತ್ತದೆ. ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿ, "ನಾನು ಅವರಿಗೆ ಎಷ್ಟು ಶಾಪ ಹಾಕಿದೆ ರೀ," ಎಂದಳು. ಬೇಕರಿಯವರಿಗೆ.

ರೈಲಿನಲ್ಲಿ ತಿರುವನಂತಪುರಕ್ಕೆ ಹೋದೆ. ಮಗಳು ಕಚೇರಿಯಿಂದ ನೇರ ತಂಪಾನೂರಿನ ಸ್ಟೇಷನ್ನಿಗೆ ಬಂದಿದ್ದಳು. ಅಳಿಯ ಮಗುವನ್ನೂ ಅದರ ಬಟ್ಟೆಯ ಚೀಲವನ್ನೂ ತರುವವನಿದ್ದ. ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ಕೂತೆವು. ಅವಳು ನನಗೆ ಕೇಳದೆಯೇ ಹಾಲಿಲ್ಲದ ಟೀ ಹೇಳಿದಳು. ಅಲ್ಲಿ ಅದಕ್ಕೆ ಕಟ್ಟನ್ ಎನ್ನುತ್ತಾರೆ. ನಾನು ಹಾಲು ಬಿಟ್ಟದ್ದನ್ನು ಅವಳು ಗಮನಿಸಿದ್ದಳು.

"ಡಬ್ಬ ತೋರಿಸಿದ್ರು ಕಣಮ್ಮ," ಎಂದೆ. "ನಾನೇ ಓದಿದೆ. ಆ ಹೆಸರೂ ಓದಿದೆ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಎಲ್ಲವನ್ನೂ ಹೇಳಿದೆ, ಚೀಲದ ಅಚ್ಚು, ಅಂಟು, ಜೇಬಿಗೆ ಹಾಕಿದ ಫೋನು, ಆಸ್ಪತ್ರೆಯ ಹೊರಗೆ ಹೇಳಿದ 'ಇಲ್ಲ'.

"ಫೋನು ಕೈಯಲ್ಲಿತ್ತಾ?"

"ಇತ್ತು."

"ಕೈಯಲ್ಲಿತ್ತು," ಎಂದು ಅವಳು ತನಗೇ ಎಂಬಂತೆ ಹೇಳಿಕೊಂಡಳು. ಆಮೇಲೆ ನಾನು ನಿರೀಕ್ಷಿಸದ ಪ್ರಶ್ನೆ ಕೇಳಿದಳು. "ಅಪ್ಪ, ಒಂದ್ ಚೂರು ತಿಂದ್ರೆ ಏನಾಗತ್ತೆ ನೋಡೋಣ ಅಂತ ಕೊಟ್ಯಾ? ನಿಜ ಹೇಳು."

ಇಲ್ಲ ಎನ್ನಲು ಬಾಯಿ ತೆರೆದೆ. ಆ ಮಾತನ್ನು ಒಮ್ಮೆ ಆಡಿ ಕೆಟ್ಟಿದ್ದೆನಲ್ಲ, ಬರಲಿಲ್ಲ. "ಗೊತ್ತಿಲ್ಲ ಕಣಮ್ಮ. ಹಾಗೆ ಅಂದ್ಕೊಂಡು ಕೊಡ್ಲಿಲ್ಲ. ಆದ್ರೆ ಅದು ತಲೇಲಿ ಇರಲೇ ಇಲ್ಲ ಅಂತಾನೂ ಹೇಳಕ್ಕಾಗಲ್ಲ," ಎಂದೆ.

ಅವಳು ಎದ್ದು ಹೊರಗೆ ಹೋಗಿ ಗಂಡನಿಗೆ ಫೋನು ಮಾಡಿದಳು. ಗಾಜಿನ ಆಚೆ ಅವಳ ಬೆನ್ನು ಕಾಣುತ್ತಿತ್ತು. ವಾಪಸ್ಸು ಬಂದು, ನಿಂತುಕೊಂಡೇ, "ಅವರು ಅರ್ಧ ದಾರೀಲಿದ್ರು. ತಿರುಗಿ ಹೋಗಿ ಅಂದೆ. ನೀನು ಕೊಚ್ಚಿಗೆ ಹೋಗು. ಮೊದಲು ಆ ಬೇಕರಿಯವರ ಹತ್ರ ಹೋಗು," ಎಂದಳು. ಪ್ಲಾಟ್‌ಫಾರಂವರೆಗೂ ಜೊತೆಗೆ ಬಂದಳು. ನೀರಿನ ಬಾಟಲಿ ಕೊಂಡುಕೊಟ್ಟಳು.

ಬೇಕರಿಯಲ್ಲಿ ಆ ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ನನ್ನ ಮುರುಕು ಮಲಯಾಳದಲ್ಲಿ, ತಪ್ಪು ನನ್ನದು, ನೀವು ತೋರಿಸಿದ್ದಿರಿ, ನಾನು ಸುಳ್ಳು ಹೇಳಿದೆ ಎಂದೆ. ಅವರು ಕೈಯೊರೆಸಿಕೊಳ್ಳುತ್ತಾ ಕೇಳಿಸಿಕೊಂಡರು.

"ಎನಿಕ್ಕ್ ಅರಿಯಾಂ," ಎಂದರು. ನನಗೆ ಗೊತ್ತು ಎಂದು. ಉಳಿದದ್ದನ್ನೂ ಮಲಯಾಳದಲ್ಲೇ ಹೇಳಿದರು. "ಡಬ್ಬ ಹಿಡಿದು ನಿಂತವನು ನಾನಲ್ಲವೇ ಸಾರೇ? ಆ ದಿನ ನಿಮ್ಮ ಅಳಿಯನಿಗೆ ಹೇಳೋಣ ಅಂದ್ಕೊಂಡೆ. ಮಗು ಆಸ್ಪತ್ರೆಯಲ್ಲಿದೆ, ಈ ಮುದುಕನನ್ನ ಮನೆಯಿಂದ ಹೊರಗೆ ಹಾಕ್ತಾರೇನೋ ಅಂತ ಬಿಟ್ಟೆ." ನಗದೆ, "ಗಿರಾಕಿಗಳು ಕಡಿಮೆಯಾದರು, ಅದನ್ನೂ ಹೇಳಬೇಕು," ಎಂದರು.

ಆಮೇಲೆ ಅವರೇ ಫ್ರಿಜ್ಜಿನಿಂದ ಇನ್ನೊಂದು ಡಬ್ಬ ತೆಗೆದರು. ಇದರ ಮೂಲೆ ಕತ್ತರಿಸಿರಲಿಲ್ಲ. ಇಬ್ಬರೂ ಕನ್ನಡಕ ಹಾಕಿಕೊಂಡು ಓದಿದೆವು. ಮುಂದೆ ದಪ್ಪಗೆ 'ನಾನ್ ಡೈರಿ', ಹಿಂದೆ ಸಣ್ಣಗೆ 'ಹಾಲು ಇದೆ'. ಅವರು ಮುಂದೆ ತಿರುಗಿಸಿದರು, ಹಿಂದೆ ತಿರುಗಿಸಿದರು. "ಇದೆಂದು ಕಥಯಾ ಸಾರೇ?" ಎಂದರು. ಇದೇನು ಕಥೆ ಎಂದು ನನಗೂ ತಿಳಿಯಲಿಲ್ಲ. ಅದರ ಫೋಟೋ ತೆಗೆದು ಮಗಳಿಗೆ ಕಳಿಸಿದೆ. ಹೋಗಿದ್ದೆ ಎಂದು ತಿಳಿಯಲಿ ಎಂದು.

ಸಂಜೆ ಉತ್ತರ ಬಂತು. "ಏನೇ ಕೊಡೋ ಮುಂಚೆ ಹೀಗೆ ಫೋಟೋ ಕಳಿಸು."

ಕೊಡುವ ಮುಂಚೆ ಎಂದರೆ, ಕೊಡುವ ದಿನ ಬರುತ್ತದೆ ಎಂದೇ? ಅಥವಾ ಸುಮ್ಮನೆ ಬಾಯಿಮಾತಿಗೆ ಬರೆದಳೇ? ಹೆಂಡತಿಯನ್ನು ಕೇಳಿದೆ. "ನಿಮ್ಮ ಮಗಳು, ನೀವೇ ಓದಿ," ಎಂದಳು. ಓಣಂ ಮುಗಿಯಿತು, ಮಗು ಬರಲಿಲ್ಲ. ಆದರೂ ಅಂಗಡಿಯಿಂದ ಏನು ತಂದರೂ ಹಿಂಬದಿಯ ಫೋಟೋ ಕಳಿಸುತ್ತೇನೆ. ಇದೆ, ಇಲ್ಲ ಎಂದು ಒಂದೊಂದೇ ಮಾತಿನ ಉತ್ತರ ಬರುತ್ತದೆ.

ನಿನ್ನೆ ರಸ್ಕಿನ ಪೊಟ್ಟಣದ್ದು ಕಳಿಸಿದ್ದೆ. ಬರಹದ ಬದಲು ಧ್ವನಿ ಬಂತು, ಮಗುವಿನದು. ಅಕ್ಷರ ಕೂಡಿಸಿಕೊಂಡು ತಾನೇ ಓದಿರಬೇಕು.

"ಅದಿಲ್ ಪಾಲ್ ಉಂಡ್ ತಾತಾ. ತಾತ ಕಳಿಚ್ಚೋ. ಎನಿಕ್ಕ್ ವೇಂಡ."

ಅದರಲ್ಲಿ ಹಾಲಿದೆ, ನೀನು ತಿನ್ನು, ನನಗೆ ಬೇಡ. ಹೆಂಡತಿಗೆ ಕೇಳಿಸಿದೆ. ಇನ್ನೊಮ್ಮೆ ಹಾಕಿ ಎಂದಳು. ಹಾಕಿದೆ. ರಸ್ಕು ಮೇಜಿನ ಮೇಲೆ ಹಾಗೇ ಇದೆ.